ಅಕ್ಷಿತಾಳ ಲಿನಕ್ಸ್ ಪರೀಕ್ಷೆ

ನ್ಯಾಮತಿಯ ಆ ಓಣಿಯಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಳ್ಳುವವರು ಯಾರೂ ಇಲ್ಲ. ಅಕ್ಷಿತಾ ಅವತ್ತು ಹಾಕಿಕೊಂಡಳು. ಕೋಣೆಯ ಚಿಲಕ ಸರಿಯಾಗಿ ಬಿತ್ತೋ ಇಲ್ಲವೋ ಅಂತ ಹೆದರಿ ಹೆದರಿ ಎರಡೆರಡು ಸಲ ಎಳೆದು ನೋಡಿದಳು.

ಹೆದರದೆ ಇನ್ನೇನು ಮಾಡಿಯಾಳು, ಹೇಳಿ. ಹೊನ್ನಾಳಿಯ ಒಂದು ಸೊಸೈಟಿಯಲ್ಲಿ ಅವಳದು ಕಂಪ್ಯೂಟರ್ ಕೆಲಸ, ಅದೂ ತಾತ್ಕಾಲಿಕ. ಇನ್ನುಮುಂದೆ ಸರ್ವರ್ ನೋಡಿಕೊಳ್ಳುವವರಿಗೆ ಲಿನಕ್ಸ್ ಸರ್ಟಿಫಿಕೇಟು ಬೇಕೇ ಬೇಕು, ತಂದರೆ ಕೆಲಸ ಕಾಯಂ, ಇಲ್ಲದಿದ್ದರೆ ಈ ತಿಂಗಳಿಗೆ ಮನೆಗೆ ಅಂತ ಸೆಕ್ರೆಟರಿ ಗುರುಬಸವರಾಜ್ ಮುಖ ಕೊಡದೆ ಹೇಳಿಬಿಟ್ಟಿದ್ದರು. ದೊಡ್ಡ ಕಂಪನಿಗಳ ಪರೀಕ್ಷೆಯ ಫೀಸು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಸರ್ವರ್ ನಡೆಸುವ ಈ ಲಿನಕ್ಸ್ ತಂತ್ರಾಂಶ ಪುಕ್ಕಟೆ, ಫೋನಿನಲ್ಲಿ ಪಾಠವೂ ಪುಕ್ಕಟೆ. ಪರೀಕ್ಷೆ ಮಾತ್ರ ಹುಡುಕಿ ಹುಡುಕಿ ಸಾಕಾದ ಮೇಲೆ ಕೈಗೆಟುಕುವಂಥದು ಒಂದು ಸಿಕ್ಕಿತ್ತು. ಮನೆಯಲ್ಲೇ ಕೂತು ಬರೆಯಬಹುದು. ಆದರೆ ಅದರ ಕಾನೂನು ಕೇಳಿದರೆ ಜೀವ ಬಾಯಿಗೆ ಬರಬೇಕು: ಕೋಣೆಯಲ್ಲಿ ಇನ್ನೊಬ್ಬರು ಕಾಣಬಾರದು, ಯಾರ ಮಾತೂ ಕೇಳಿಸಬಾರದು, ಕುರ್ಚಿ ಬಿಟ್ಟು ಏಳಬಾರದು. ಎಲ್ಲೋ ಕೂತ ಯಾರೋ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರಂತೆ. ತಪ್ಪಿದರೆ ಅಲ್ಲಿಗೇ ರದ್ದು, ಮತ್ತೆ ಬರೆಯಲು ತಿಂಗಳುಗಟ್ಟಲೆ ಕಾಯಬೇಕು.

ಗಂಡ ತಿಪ್ಪೇಶ ಚನ್ನಗಿರಿಗೆ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಉಳಿದವಳು ಅತ್ತೆ ಅಂತರಘಟ್ಟಮ್ಮ ಒಬ್ಬಳೇ. ಅತ್ತೆಯ ಗಂಟಲೆಂದರೆ ಸಾಮಾನ್ಯದ ಗಂಟಲಲ್ಲ. ಪಕ್ಕದ ಮನೆ ಕೋಳಿ ಅಂಗಳಕ್ಕೆ ಕಾಲಿಟ್ಟರೂ ಅದರ ಏಳು ತಲೆಮಾರು ಜಾಲಾಡಿಬಿಡುವ ಹೆಂಗಸು. ಇವತ್ತೊಂದಿನ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟು ಅಂಗಳದಲ್ಲಿ ಕಾವಲು ಕೂತಿದ್ದಳು.

ಪರೀಕ್ಷೆ ಶುರುವಾಯಿತು. ಹೊಸಬರಿಗೆ ಖಾತೆ ತೆರೆ, ಬ್ಯಾಕಪ್ ತೆಗಿ, ನಿಂತುಹೋದ ವೆಬ್‌ಸೈಟ್ ಎಬ್ಬಿಸು ಅಂತ ಒಂದರ ಹಿಂದೊಂದು. ಒಂದು ಅಕ್ಷರ ತಪ್ಪಿದರೂ ಎಲ್ಲ ಅಳಿಸಿಹೋದೀತೆಂದು ಅವಳಿಗೆ ದಿಗಿಲು. ಕ್ಯಾಮೆರಾದ ಪುಟ್ಟ ದೀಪ ಕಣ್ಣಿಗೆ ಬಿದ್ದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಆದರೂ ಹೆಂಗೋ ದಡ ಹತ್ತಿರವಾಯಿತು. ಇನ್ನು ಕೊನೆಯದೊಂದೇ ಬಾಕಿ.

ಅಷ್ಟರಲ್ಲಿ ಹೊರಗೆ ತಗಡಿನ ಮೇಲೆ ಕಾಗೆ ಕೂಗತೊಡಗಿತು. ಕಾಗೆ ಕೂಗಿದರೆ ನೆಂಟರು ಬಂದೇ ಬರುತ್ತಾರೆ ಅನ್ನುವುದು ಅತ್ತೆಗೆ ಖಾತ್ರಿ. ಜಗಳೂರಿನಿಂದ ಮಗಳು ದುರುಗಕ್ಕ ಏನಾದರೂ ಬಂದಿಳಿದರೆ ಅವಳನ್ನು ಯಾವ ಚಿಲಕವೂ ತಡೆಯಲಾರದು. ಕಾಗೆ ಓಡಿಸಿದರೆ ನೆಂಟರೂ ತಪ್ಪುತ್ತಾರೆ ಅಂತ ಅತ್ತೆಯ ಲೆಕ್ಕ. ಬಾಯಿ ಬಿಟ್ಟು ಹುಶ್ ಅನ್ನುವಂತಿಲ್ಲವಲ್ಲ, ಹತ್ತಿ ಕೈ ಬೀಸಿಯೇ ಓಡಿಸಬೇಕು. ಸ್ಟೂಲು ಎಳೆದ ಸದ್ದು ಒಳಗೆ ಅಕ್ಷಿತಾಗೆ ಕೇಳಿತು. ಆಮೇಲೆ ಧೊಪ್ಪಂತ ಏನೋ ಬಿತ್ತು.

ಅಕ್ಷಿತಾ ಕಿವಿಗೊಟ್ಟು ಕಾದಳು. ಈಗ ಅತ್ತೆ ಬೈಯುತ್ತಾಳೆ, ಕಾಗೆಗೋ, ಸ್ಟೂಲಿಗೋ, ಸ್ಟೂಲು ಮಾಡಿದ ಬಡಗಿಗೋ. ಒಂದು ಮಾತಿಲ್ಲ. ನರಳಿಕೆಯೂ ಇಲ್ಲ. ಎದ್ದರೆ ಕೆಲಸ ಹೋಯಿತು, ಕೂತರೆ ಏನು ಹೋಗುತ್ತದೋ ಗೊತ್ತಿಲ್ಲ. ಅತ್ತೆ ಸತ್ತೇ ಹೋದಳು ಅನ್ನಿಸಿಬಿಟ್ಟಿತು ಅವಳಿಗೆ. ಕುರ್ಚಿ ನೂಕಿ, ಚಿಲಕ ಕಿತ್ತು ಓಡಿದಳು.

ಅಂತರಘಟ್ಟಮ್ಮ ಅಂಗಳದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಸೊಟ್ಟಗಾಗಿತ್ತು, ಕಣ್ಣಲ್ಲಿ ದಳದಳ ನೀರು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಒಳಗೆ ಲ್ಯಾಪ್‌ಟಾಪು ಟಿಣ್ ಅಂದಿತು; ತೆರೆದ ಬಾಗಿಲಿನಿಂದ ಪರದೆ ಕಾಣುತ್ತಿತ್ತು, ಪರೀಕ್ಷೆ ರದ್ದಾಗಿತ್ತು.

ಅತ್ತೆ ಎಡಗೈಯಲ್ಲಿ ಬಾಯಿಂದ ಸೆರಗು ಎಳೆದುಕೊಂಡು ಅಳುತ್ತಲೇ ಕೇಳಿದಳು. "ಯಾಕೆ ಎದ್ದು ಬಂದೆ? ನಾನು ಉಸ್ರು ಕೂಡ ಬಿಡ್ಲಿಲ್ಲಲ್ಲೇ."

"ಅದಕ್ಕೇ ಬಂದೆ ಅತ್ತೆ," ಅಂದಳು ಅಕ್ಷಿತಾ, ಅವಳ ತಲೆಯನ್ನು ತೊಡೆಗೆ ಎಳೆದುಕೊಳ್ಳುತ್ತಾ. "ನೀವೊಂದು ಸಲ ಬೈದಿದ್ರೆ ಕೂತಿರ್ತಿದ್ದೆ."