ಹಿಮದ ದಿನದ ಎರಡು ಪೆಟ್ಟಿಗೆಗಳು

ಕಾಂಕ್ರೀಟ್ ಮುಚ್ಚಳ ಒಂದು ಗೇಣು ಮೇಲೆದ್ದದ್ದೇ ತಡ, ಡೆಲ್ಬರ್ಟ್ ಕೈ ಎತ್ತಿ ಜೆಸಿಬಿಯನ್ನು ನಿಲ್ಲಿಸಿದ. ಮೊಣಕಾಲೂರಿ, ಗುಂಡಿಯ ಅಂಚಿನಿಂದ ಬಗ್ಗಿ ಒಳಗೆ ನೋಡಿದ. ಕೆಳಗಿದ್ದ ಪೆಟ್ಟಿಗೆ ಬೆಳಗಿನ ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿತ್ತು. ಉಕ್ಕಿನ ಪೆಟ್ಟಿಗೆ.

"ಏನ್ ಯಜಮಾನ್ರೇ, ಒಳಗಿರೋರು ಎದ್ದು ಕೂತವ್ರಾ?" ಎಂದು ಹೆಕ್ಟರ್ ಯಂತ್ರದ ಮೇಲಿಂದಲೇ ಕೇಳಿದ. ಅವನಿಗೆ ದಿನಾ ಬೆಳಗ್ಗೆ ಇಂಥದ್ದೊಂದು ಜೋಕು ಹೊಡೆಯದಿದ್ದರೆ ಕೆಲಸ ಸಾಗುವುದಿಲ್ಲ.

ಡೆಲ್ಬರ್ಟ್ ಗುಂಡಿಯ ತಲೆಯ ಬಳಿ ನಿಂತಿದ್ದ ಬಿಳಿ ಕಲ್ಲನ್ನು ಮತ್ತೊಮ್ಮೆ ಓದಿದ. ಲೈಲ್ ಶೆವ್ಚಿಕ್, ಭೂಸೇನೆ, ವಿಯೆಟ್ನಾಂ. ಲೈಲ್‌ನನ್ನು ತಂದದ್ದು ಪೈನ್ ಮರದ ಪೆಟ್ಟಿಗೆಯಲ್ಲಿ. ಅವನ ತಮ್ಮನೇ ಕೂತು ಮಾಡಿದ್ದು, ಹಿಡಿಕೆಯ ಜಾಗದಲ್ಲಿ ಹಗ್ಗ. ಅಂಥ ಪೆಟ್ಟಿಗೆ ಯೋಧರ ಈ ಸ್ಮಶಾನಕ್ಕೆ ಅದೊಂದೇ ಬಂದಿದ್ದು. ಮರೆಯುವ ಮಾತೇ ಇಲ್ಲ.

ಇಲ್ಲಿ ಗಂಡ ಹೆಂಡತಿಗೆ ಒಂದೇ ಗುಂಡಿ. ನೆಲದೊಳಗೆ ಮೊದಲೇ ಕಾಂಕ್ರೀಟ್ ತೊಟ್ಟಿಗಳನ್ನು ಸಾಲಾಗಿ ಹೂತಿಟ್ಟಿದ್ದಾರೆ. ಮೊದಲು ಹೋದವರು ಕೆಳಗೆ, ಆಮೇಲೆ ಬಂದವರು ಮೇಲೆ, ನಡುವೆ ಒಂದು ಕಾಂಕ್ರೀಟ್ ಹಲಗೆ. ಕಲ್ಲಿನ ಮುಂದೆ ಯೋಧನ ಹೆಸರು, ಹಿಂದೆ ಹೆಂಡತಿಯದು. ಲೈಲ್‌ನ ಹೆಂಡತಿ ಆಗ್ನೆಸ್ ತೀರಿಕೊಂಡು ಮೂರು ದಿನವಾಗಿತ್ತು. ಹನ್ನೊಂದಕ್ಕೆ ಅವಳನ್ನು ತರುವವರಿದ್ದರು.

ಹಾಗಾದರೆ ಈ ನೀಲಿ ಪೆಟ್ಟಿಗೆ ಯಾರದು? ಡೆಲ್ಬರ್ಟನಿಗೆ ಅದೂ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಬೆವರು ಇಳಿಯುತ್ತಿತ್ತು. ಆರು ವರ್ಷದ ಹಿಂದೆ, ಫೆಬ್ರವರಿಯ ಹಿಮಗಾಳಿಯಲ್ಲಿ ಒಂದೇ ದಿನ ಎರಡು ಮಣ್ಣು. ಮೊದಲು ಶೆವ್ಚಿಕ್ ಮನೆಯವರು, ಆಮೇಲೆ ಬ್ರಾಂಡ್ಟ್ ಮನೆಯವರು ಎಂದು ನಿಗದಿಯಾಗಿತ್ತು. ಗುಂಡಿಗಳನ್ನೂ ಅದೇ ಕ್ರಮದಲ್ಲಿ ತೆರೆದಿಟ್ಟಿದ್ದರು. ಆದರೆ ರಸ್ತೆ ಮುಚ್ಚುತ್ತದೆಂದು ಹೆದರಿ ಬ್ರಾಂಡ್ಟ್‌ನವರು ಬೇಗ ಬಂದುಬಿಟ್ಟರು. ಪ್ರಾರ್ಥನೆ ಅವರದೇ ಮೊದಲಾಯಿತು. ಹಿಮ ಬೀಳದಂತೆ ತಾಡಪಾಲು ಹೊದಿಸಿದ ಪೆಟ್ಟಿಗೆಯನ್ನು ಡೆಲ್ಬರ್ಟ್ ಗಾಡಿಯಲ್ಲಿ ತಂದು, "ಇದು ಮೊದಲನೇದು" ಎಂದು ಆಳುಗಳಿಗೆ ಕೂಗಿ ಹೇಳಿ, ಎರಡನೆಯದಕ್ಕೆ ಓಡಿದ್ದ. ಮೊದಲನೆಯದು ಮೊದಲ ಗುಂಡಿಗೆ, ಅಂದರೆ ಶೆವ್ಚಿಕ್ ಗುಂಡಿಗೆ, ಹೋಯಿತು. ತಾಡಪಾಲು ಎತ್ತಿ ಪೆಟ್ಟಿಗೆಯ ಮೇಲಿನ ಹೆಸರು ನೋಡಬೇಕಾದವನು ಅವನೇ. ಬೆರಳುಗಳು ಮರಗಟ್ಟಿದ್ದವು. ನೋಡಲಿಲ್ಲ.

ಪಕ್ಕದ ಕಲ್ಲು ವರ್ನನ್ ಬ್ರಾಂಡ್ಟ್‌ನದು. ಅದರ ಕೆಳಗೆ ಲೈಲ್ ಮಲಗಿದ್ದಾನೆ. ವರ್ನನ್‌ನ ಹೆಂಡತಿ ಓಪಲ್ ಮಾತ್ರ ಗಟ್ಟಿಮುಟ್ಟಾಗಿ ಬದುಕಿದ್ದಾಳೆ, ಪ್ರತಿ ಗುರುವಾರ ತಪ್ಪದೆ ಬಂದು ಆ ಕಲ್ಲಿನ ಪಕ್ಕ ಕೂತು ಗಂಡನ ಹತ್ತಿರ ಮಾತಾಡುತ್ತಾಳೆ. ಇವತ್ತು ಗುರುವಾರ.

"ಹಾಗೇ ಬಿಟ್ಟಿರು. ಯಾರನ್ನೂ ಹತ್ರ ಬಿಡ್ಬೇಡ," ಎಂದು ಹೆಕ್ಟರನಿಗೆ ಹೇಳಿ ಡೆಲ್ಬರ್ಟ್ ಕಚೇರಿಯ ಕಡೆಗೆ ನಡೆದ. ಓಡಿದರೆ ಯಾರಾದರೂ ನೋಡಿಯಾರೆಂದು ಓಡಲಿಲ್ಲ.

ಸ್ಮಶಾನದ ಮೇಲ್ವಿಚಾರಕಿ ಕೊರಿನ್ ಮೇಯೊ ಬಾಗಿಲಿಗೆ ಬೆನ್ನು ಹಾಕಿ ಗೋಡೆಗೆ ನಕ್ಷೆ ಅಂಟಿಸುತ್ತಿದ್ದಳು. ಹೊಸ ಭಾಗದ ನಕ್ಷೆ. ಇಂಥ ಸ್ಮಶಾನ ಕಟ್ಟಲು ದುಡ್ಡು ಕೊಡುವುದು ವಾಷಿಂಗ್ಟನ್. ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದು ರಾಜ್ಯದ ತಲೆನೋವು. ರಾಜ್ಯದ ಶಾಸಕರೋ, ಯೋಧರ ದಿನಾಚರಣೆಗೆ ಕೋಟಿನ ಮೇಲೊಂದು ಬಾವುಟ ಸಿಕ್ಕಿಸಿಕೊಂಡು ಬಂದು ಗಂಟಲು ಕಟ್ಟಿಸಿಕೊಂಡು ಮಾತಾಡುತ್ತಾರೆ, ಬಜೆಟ್ಟಿನ ಹೊತ್ತಿಗೆ ಹುಲ್ಲು ಕೊಯ್ಯುವ ಯಂತ್ರಕ್ಕೂ ಕತ್ತರಿ ಹಾಕುತ್ತಾರೆ. ಇರುವ ಜಾಗ ತುಂಬುತ್ತ ಬಂದಿತ್ತು. ಹೊಸ ಭಾಗಕ್ಕಾಗಿ ಕೊರಿನ್ ನಾಲ್ಕು ವರ್ಷ ಎಲ್ಲರ ಬಾಗಿಲು ತಟ್ಟಿದ್ದಳು. ಮುಂದಿನ ಬುಧವಾರ ವಾಷಿಂಗ್ಟನ್ನಿನವರು ತಪಾಸಣೆಗೆ ಬರುವವರಿದ್ದರು.

ಡೆಲ್ಬರ್ಟ್ ಹೇಳಿ ಮುಗಿಸಿದ ಮೇಲೆ ಅವಳು ಅಂಟುಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಯಾರ್ಯಾರಿಗೆ ಗೊತ್ತು?"

"ನನಗೆ. ಈಗ ನಿಮಗೆ."

"ಪಕ್ಕದ್ದನ್ನ ತೆಗೀಬೇಕು ಅಂದ್ರೆ ಎರಡೂ ಮನೆಯವರ ಒಪ್ಪಿಗೆ ಬೇಕು, ಡೆಲ್ಬರ್ಟ್. ಒಪ್ಪಿಗೆ ಕೇಳಿದ್ರೆ ಸಂಜೆ ಹೊತ್ತಿಗೆ ಟೀವೀಲಿ ಬರುತ್ತೆ. ಬುಧವಾರ ಬರೋರು ಅದನ್ನ ನೋಡ್ಕೊಂಡೇ ಬರ್ತಾರೆ."

"ಹೌದು ಮೇಡಂ."

"ಆಮೇಲೆ ಹೊಸ ಭಾಗ ಮರೆತುಬಿಡಿ. ನಮ್ಮ ಕಡೆಯ ಯೋಧರನ್ನ ಮೂರು ಗಂಟೆ ದೂರ ಹೊತ್ಕೊಂಡು ಹೋಗ್ಬೇಕಾಗುತ್ತೆ. ನೀವೂ ಯೋಧರೇ, ನಾಳೆ ನಿಮ್ಮನ್ನೂ ಅಲ್ಲಿಗೇ."

"ಆದ್ರೆ ಮೇಡಂ, ಆಗ್ನೆಸ್ ಅಮ್ಮನ್ನ ಬೇರೆಯವರ ಗಂಡನ ಮೇಲೆ..."

"ಅದನ್ನ ಬಾಯಲ್ಲಿ ಹೇಳ್ಬೇಡಿ!" ಕೊರಿನಳ ದನಿ ಏರಿ, ತಕ್ಷಣ ಇಳಿಯಿತು. "ಪ್ರಾರ್ಥನೆ ಮುಗಿದ್ಮೇಲೆ ಮನೆಯವರು ಮಂಟಪದಿಂದಲೇ ಹೊರಟುಹೋಗ್ತಾರೆ. ಗುಂಡಿ ತನಕ ಯಾರೂ ಬರಲ್ಲ. ಹಲಗೆ ಹಾಕ್ಬಿಡಿ. ಹಲಗೆ ಹಾಕಿದ್ರೆ ಕೆಳಗಿರೋದು ಕಾಣಲ್ಲ."

ಡೆಲ್ಬರ್ಟ್ ಒಪ್ಪಿದ. ಒಪ್ಪಿದನೆನ್ನುವುದಕ್ಕಿಂತ, ಬೇಡವೆನ್ನುವ ತ್ರಾಣ ಅವನಲ್ಲಿರಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಒಂದು, ಪಿಂಚಣಿಯ ಹೆದರಿಕೆ ಇನ್ನೊಂದು. ಇವೆರಡಕ್ಕಿಂತ ದೊಡ್ಡದು ಓಪಲ್‌ಳ ಮುಖ ನೋಡುವ ಹೆದರಿಕೆ. ಆರು ವರ್ಷದಿಂದ ಆ ಮುದುಕಿ ಅವನಿಗೆ ಕ್ರಿಸ್‌ಮಸ್ಸಿಗೆ ಬಿಸ್ಕತ್ತು ಮಾಡಿಕೊಂಡು ಬರುತ್ತಿದ್ದಳು. "ನಮ್ಮ ವರ್ನನ್ನ ಚೆನ್ನಾಗಿ ನೋಡ್ಕೊಂಡಿದೀಯಪ್ಪ" ಎನ್ನುತ್ತಿದ್ದಳು. ಅವನೂ ತಿನ್ನುತ್ತಿದ್ದ.

ಹೆಕ್ಟರನೂ ಅವನೂ ಸೇರಿ ನಡುವಿನ ಹಲಗೆ ಇಳಿಸಿದರು. ನೀಲಿ ಹೊಳಪು ಮುಚ್ಚಿಹೋಯಿತು. ಹೆಕ್ಟರ್ ಒಮ್ಮೆ ಅವನ ಮುಖ ನೋಡಿದ, ಜೋಕು ಮಾಡಲಿಲ್ಲ.

ಮಂಟಪದಲ್ಲಿ ಎಲ್ಲ ಸಾಂಗವಾಗಿ ನಡೆಯಿತು. ಪಾದ್ರಿ ಚುಟುಕಾಗಿ ಮುಗಿಸಿದ. ಬಂದವರು ಹೆಚ್ಚಿರಲಿಲ್ಲ; ಚರ್ಚಿನ ಮಹಿಳಾ ಸಂಘದ ಹೆಂಗಸರು, ಒಬ್ಬಿಬ್ಬರು ನೆಂಟರು, ಒಬ್ಬಳೇ ಮಗಳು ರೋಸ್ಲಿನ್. ಚರ್ಚಿನಲ್ಲಿ ಊಟ ಕಾಯುತ್ತಿದೆಯೆಂದು ಎಲ್ಲರೂ ಕಾರು ಹತ್ತತೊಡಗಿದರು. ಇನ್ನೇನು ಉಸಿರು ಬಿಡಬೇಕು, ಅಷ್ಟರಲ್ಲಿ ರೋಸ್ಲಿನ್ ಡೆಲ್ಬರ್ಟನ ಕಡೆಗೇ ಬಂದಳು.

"ಸರ್, ಅಮ್ಮನ್ನ ಇಳಿಸೋದು ನಾನು ನೋಡ್ಬಹುದಾ? ಅಪ್ಪನ ಸಲ ಹಿಮ ಅಂತ ಬಿಡಲಿಲ್ಲ. ಆಮೇಲೆ ಆರು ವರ್ಷಾನೂ ಅದೇ ಕೊರಗು ನನಗೆ."

ಕೊರಿನ್ ನಡುವೆ ಬಂದಳು. "ಅಲ್ಲಿ ಯಂತ್ರ ಎಲ್ಲಾ ಇರುತ್ತಮ್ಮ, ಅಪಾಯ..."

"ದೂರದಲ್ಲೇ ನಿಲ್ತೀನಿ. ಮುಟ್ಟಲ್ಲ ಏನನ್ನೂ."

ಕೇಳಿದರೆ ಬಿಡಬೇಕೆಂದು ನಿಯಮವಿತ್ತು. ಸಾಲದ್ದಕ್ಕೆ ಆ ನಿಯಮ ಮಂಟಪದ ಕಂಬದ ಮೇಲೇ ಬರೆದಿತ್ತು. ಡೆಲ್ಬರ್ಟ್ ಅವಳನ್ನು ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡ, ಹಿಂದೆ ಆಗ್ನೆಸ್‌ಳ ಪೆಟ್ಟಿಗೆ. ದಾರಿಯುದ್ದಕ್ಕೂ ಅವಳು ಏನೋ ಹೇಳುತ್ತಿದ್ದಳು. ಒಂದೂ ಅವನ ಕಿವಿಗೆ ಬೀಳಲಿಲ್ಲ. ಹಲಗೆ ಇದೆ, ಕಾಣುವುದಿಲ್ಲ, ಹಲಗೆ ಇದೆ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದ.

ಓಪಲ್ ಆಗಲೇ ಬಂದು ಕೂತಿದ್ದಳು. ವರ್ನನ್‌ನ ಕಲ್ಲಿನ ಪಕ್ಕ ಮಡಚುವ ಕುರ್ಚಿ, ತೊಡೆಯ ಮೇಲೆ ಕಾಫಿಯ ಫ್ಲಾಸ್ಕು. ದೂರ ಹೋಗಿರೆಂದು ಹೆಕ್ಟರ್ ಎಷ್ಟು ಬೇಡಿಕೊಂಡಿದ್ದನೋ, ಅವಳು ಜಪ್ಪಯ್ಯ ಎಂದಿರಲಿಲ್ಲ.

"ನಿಮ್ಮಮ್ಮಾನಾ?" ಎಂದು ರೋಸ್ಲಿನ್‌ಳನ್ನು ಕೇಳಿದಳು. "ಅಳ್ಬೇಡ ಕಣಮ್ಮ. ಪುಣ್ಯವಂತೆ ನಿಮ್ಮಮ್ಮ. ಗಂಡನ ಜೊತೆ ಸೇರ್ಕೊತಾಳೆ. ನಾನು ನೋಡು, ಇನ್ನೂ ಸರದೀಲಿ ನಿಂತಿದೀನಿ. ಇವ್ರಿಗೆ ಪ್ರತಿ ವಾರ ಹೇಳ್ತೀನಿ, ಪಕ್ಕಕ್ಕೆ ಸರ್ಕೊಂಡು ಜಾಗ ಇಟ್ಟಿರಿ, ಬರ್ತೀನಿ ಅಂತ."

ರೋಸ್ಲಿನ್ ಅಳುತ್ತಲೇ ನಕ್ಕಳು. ಹೆಕ್ಟರ್ ಪಟ್ಟಿಗಳನ್ನು ಬಿಗಿದು ಪೆಟ್ಟಿಗೆಯನ್ನು ಎತ್ತಿದ. ಅದು ಗುಂಡಿಯ ಮೇಲೆ ಬಂದು ನಿಧಾನಕ್ಕೆ ತೂಗಾಡಿ ನಿಂತಿತು.

"ಹೋಗಮ್ಮಾ," ಎಂದಳು ರೋಸ್ಲಿನ್. "ಅಪ್ಪ ಕಾಯ್ತಿದಾರೆ."

ಡೆಲ್ಬರ್ಟ್ ಕೈ ಇಳಿಸಿ ಸನ್ನೆ ಮಾಡಬೇಕಿತ್ತು. ಕೈ ಮೇಲೆತ್ತಿದ್ದು ಮೇಲೇ ಉಳಿಯಿತು. ಆ ಕೈ ಇಳಿದರೆ ಮುಗಿಯಿತು, ಈ ಭಯದಿಂದ ಬಿಡುಗಡೆ. ಇಳಿದರೆ ಸಾಯುವ ತನಕ ಇದೇ ಭಯ. ಎರಡೂ ಒಟ್ಟಿಗೆ ಅವನಿಗೆ ಹೊಳೆದವು.

"ನಿಲ್ಸು, ಹೆಕ್ಟರ್. ಪೆಟ್ಟಿಗೆ ಈ ಕಡೆ ಇಡು." ಅವನ ದನಿ ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಕೆಳಗಿರೋದು ನಿಮ್ಮಪ್ಪ ಅಲ್ಲಮ್ಮ. ಅದು ವರ್ನನ್ ಬ್ರಾಂಡ್ಟ್. ನಿಮ್ಮಪ್ಪ ಪಕ್ಕದಲ್ಲಿದಾರೆ. ಅದಲು ಬದಲಾಗಿದೆ. ಮಾಡಿದ್ದು ನಾನು."

ಹೆಕ್ಟರ್ ಯಂತ್ರವನ್ನು ಆರಿಸಿದ.

"ಇವತ್ತು ಗೊತ್ತಿತ್ತಾ ನಿಮಗೆ?" ರೋಸ್ಲಿನ್‌ಳ ಮುಖ ಬಿಳಿಚಿಕೊಂಡಿತ್ತು. "ಗೊತ್ತಿದ್ದೂ ನಮ್ಮಮ್ಮನ್ನ ಪರಗಂಡಸಿನ ಮೇಲೆ ಮಲಗಿಸ್ತಿದ್ರಾ? ನನ್ನ ಕಣ್ಣೆದುರಿಗೇ?"

"ಹೌದಮ್ಮ."

ಅವಳು ಹೊಡೆಯುತ್ತಾಳೆಂದುಕೊಂಡ ಡೆಲ್ಬರ್ಟ್. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಆಚೆ ತಿರುಗಿಕೊಂಡಳು. ಓಪಲ್ ಮಾತ್ರ ಕೂತಲ್ಲಿಂದ ಅಲ್ಲಾಡಿರಲಿಲ್ಲ.

"ಹಾಗಾದ್ರೆ ನಾನು ಇಷ್ಟು ವರ್ಷ ಮಾತಾಡಿದ್ದು ಯಾರ ಹತ್ರ?" ಎಂದು ಕೇಳಿದಳು.

"ನಮ್ಮಪ್ಪನ ಹತ್ರ," ಎಂದಳು ರೋಸ್ಲಿನ್, ತಿರುಗದೆ.

"ಎಲ್ಲಾ ಹೇಳಿದೀನಲ್ಲಮ್ಮ ನಾನು. ಯಾರಿಗೂ ಹೇಳದೇ ಇರೋದೆಲ್ಲಾ." ಓಪಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು, ಮತ್ತೆ ಮುಚ್ಚಿದಳು. "ಎಂಥೋರಮ್ಮ ನಿಮ್ಮಪ್ಪ?"

ರೋಸ್ಲಿನ್ ಕಣ್ಣೊರೆಸಿಕೊಂಡಳು. "ಒಳ್ಳೇರು. ಮಾತು ಕಮ್ಮಿ. ಎಡಗಿವಿ ಕೇಳಿಸ್ತಿರಲಿಲ್ಲ, ಫಿರಂಗಿ ಹತ್ರ ಇದ್ದು ಇದ್ದು."

"ನಾನು ಕೂರ್ತಿದ್ದದ್ದು ಬಲಗಡೆ." ಓಪಲ್ ನಿಟ್ಟುಸಿರು ಬಿಟ್ಟಳು. "ನಮ್ಮ ವರ್ನನ್‌ಗೆ ಗೊತ್ತಾದ್ರೆ ಉರ್ಕೊಂಡು ಸಾಯ್ತಾನೆ. ಚರ್ಚಲ್ಲಿ ಇನ್ನೊಬ್ಬನ ಪಕ್ಕ ಕೂತ್ರೂ ಮನೇಲಿ ಮೂರು ದಿನ ಮಾತು ಬಿಡ್ತಿದ್ದ." ಆಮೇಲೆ ಅವಳ ಗಲ್ಲ ಅದುರತೊಡಗಿತು. ರೋಸ್ಲಿನ್ ಹೋಗಿ ಅವಳ ಪಕ್ಕ ಹುಲ್ಲಿನ ಮೇಲೆ ಕೂತಳು. ಯಾರ ಮಗಳೋ, ಯಾರ ಹೆಂಡತಿಯೋ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂತುಬಿಟ್ಟರು. ಡೆಲ್ಬರ್ಟ್ ಟೋಪಿ ಹಿಡಿದು ನಿಂತೇ ಇದ್ದ. ಅವನ ಕಡೆ ಯಾರೂ ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಪ್ಪಿಗೆಗೆ ಸಹಿ ಹಾಕಿದ್ದರು. ಕೊರಿನ್ ರಾಜ್ಯದ ರಾಜಧಾನಿಗೆ ತಾನೇ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಹಲಗೆ ಹಾಕಿಸಿದ್ದು ತಾನೆಂದೂ ಹೇಳಿದಳು. ಹೇಳಿ ಬಂದು ಗುಂಡಿಯ ಹತ್ತಿರ ನಿಂತಳು. ಬುಧವಾರದ ಮಾತನ್ನು ಯಾರೂ ಎತ್ತಲಿಲ್ಲ.

ಎರಡನೆಯ ಮುಚ್ಚಳವನ್ನು ತೆಗೆಯುವಾಗ ಡೆಲ್ಬರ್ಟ್ ಉಸಿರು ಬಿಗಿ ಹಿಡಿದಿದ್ದ. ಅಲ್ಲೂ ಬೇರೆ ಯಾರೋ ಇದ್ದರೆ? ಇಣುಕಿದ. ಪೈನ್ ಮರ, ಹಗ್ಗದ ಹಿಡಿಕೆ. ಅವನು ಪಕ್ಕದ ಕಲ್ಲನ್ನು ಹಿಡಿದುಕೊಂಡ.

ಎರಡು ಪೆಟ್ಟಿಗೆಗಳನ್ನೂ ಮೇಲೆತ್ತಿ ಹುಲ್ಲಿನ ಮೇಲೆ ಇಟ್ಟರು, ನೀಲಿಯದೊಂದು, ಮರದ್ದೊಂದು. ಓಪಲ್ ಕುರ್ಚಿಯಿಂದ ಎದ್ದಳು. ಎಲ್ಲರೂ ದಾರಿ ಬಿಟ್ಟರು. ಅವಳು ಗಂಡನ ಪೆಟ್ಟಿಗೆಯನ್ನು ದಾಟಿ ಮೊದಲು ಮರದ ಪೆಟ್ಟಿಗೆಯ ಹತ್ತಿರ ಹೋದಳು. ಬಗ್ಗಿ ಅದರ ಮೇಲೆ ಅಂಗೈ ಇಟ್ಟಳು.

"ಬೇಜಾರ್ ಮಾಡ್ಕೊಬೇಡಿ," ಎಂದಳು ಸಣ್ಣಗೆ. "ಯಾರ್ಗೂ ಹೇಳ್ಬೇಡಿ."

ಆಮೇಲೆ ವರ್ನನ್‌ನ ಕಡೆ ತಿರುಗಿದವಳು, ಹೋಗುವ ಮುಂಚೆ ಡೆಲ್ಬರ್ಟನ ಮುಂದೆ ನಿಂತಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಡೆಲ್ಬರ್ಟ್, ಆ ಚಳಿಗಾಲದಲ್ಲಿ ಇವ್ರಿಬ್ಬರನ್ನೇ ತಾನೇ ನೋಡದೆ ಇಳಿಸಿದ್ದು?"

ಆ ಚಳಿಗಾಲ ಉದ್ದವಿತ್ತು. ದಿನವೂ ಅದೇ ಗಾಳಿ, ಮರಗಟ್ಟಿದ ಬೆರಳು, ತಾಡಪಾಲು, ಒಂದರ ಹಿಂದೆ ಒಂದು ಗಾಡಿ. ಯಾವ ದಿನ ಎತ್ತಿ ನೋಡಿದ್ದ, ಯಾವ ದಿನ ನೋಡಿರಲಿಲ್ಲ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

"ಗೊತ್ತಿಲ್ಲ ಅಮ್ಮ," ಎಂದ.

ಮೂರು ಸಾಲು ಆಚೆ, ಯಾವಾಗಲೂ ಬರುವ ಮುದುಕನೊಬ್ಬ ಅದೇ ಚಳಿಗಾಲದಲ್ಲಿ ಮಣ್ಣಾದ ತನ್ನ ಮಗನ ಕಲ್ಲನ್ನು ಕರವಸ್ತ್ರದಿಂದ ಒರೆಸುತ್ತಿದ್ದ. ಇಲ್ಲಿ ಜನ ಸೇರಿದ್ದನ್ನು ಕಂಡು ಮೈ ನೆಟ್ಟಗೆ ಮಾಡಿದ. ಡೆಲ್ಬರ್ಟನನ್ನು ಗುರುತು ಹಿಡಿದು, ಎಂದಿನಂತೆ ನಗುತ್ತ ಕೈ ಎತ್ತಿದ.

ಡೆಲ್ಬರ್ಟನೂ ಕೈ ಎತ್ತಿದ.