ಅಡ್ಡ ಬೀಸಿದ ಕೈ

ಎಲ್ಜಿ ಟಾರ್ಪ್ಲಿಯವರು ಅಲುಗದ ನೆಲದ ಮೇಲೂ ಓಡುವ ಬೋಗಿಯ ನೆತ್ತಿಯ ಮೇಲಿದ್ದವರಂತೆ ನಡೆಯುತ್ತಿದ್ದರು: ಕಾಲು ಅಗಲಿಸಿ, ಮಂಡಿ ಸಡಿಲಿಸಿ, ನಮ್ಮ ಮೆಂಫಿಸ್ ಊರಿನ ರಸ್ತೆ ಯಾವ ಕ್ಷಣದಲ್ಲಾದರೂ ಕುಲುಕೀತೆಂಬ ನಿರಂತರ ಸಂಶಯದಲ್ಲಿ. ಕೂರುವುದೆಂದರೆ ಅವರಿಗೆ ಶಿಕ್ಷೆ. ಅವರು ಕೆಲಸ ಮಾಡುವ ರೈಲುಗಾಡಿಯ ಊಟದ ಬೋಗಿಯಲ್ಲಿ ತಟ್ಟೆ ತೊಳೆಯುವ ನನಗೋ, ಬೆಂಚು ಕಂಡರೆ ಸಾಕು, ಮೊದಲು ನನ್ನ ಸ್ವಾಭಿಮಾನ ಕೂತುಬಿಡುತ್ತದೆ, ಆಮೇಲೆ ನಾನು.

ಹಳಿ ಬದಲಿಸುವುದು, ಬೋಗಿ ಜೋಡಿಸುವುದು, ಡ್ರೈವರಿಗೆ ಕೈಸನ್ನೆ ಕೊಡುವುದು, ಹೀಗೆ ಬ್ರೇಕ್‌ಮನ್ನನ ಕೆಲಸವೆಲ್ಲ ಅವರದೇ. ಕರಿಯನಿಗೆ ಆ ಹೆಸರು ಸಲ್ಲದೆಂದು ಕಂಪನಿ ಅವರ ಕೈಗೊಂದು ಪೊರಕೆಯನ್ನೂ ಕೊಟ್ಟು 'ಪೋರ್ಟರ್' ಎಂದು ಕರೆಯುತ್ತಿತ್ತು. ಅವರ ಮೈಗೆ ತಿಳಿದಿದ್ದುದು ಸನ್ನೆಗಳ ಭಾಷೆಯೊಂದೇ: ಕೈ ಮೇಲೆ ಕೆಳಗೆ ಆಡಿದರೆ ಹೊರಡು, ಅಡ್ಡ ಬೀಸಿದರೆ ನಿಲ್ಲು. ಒಂದು ಭಾನುವಾರ ಚರ್ಚಿನಲ್ಲಿ ಹಾಡು ಮುಗಿದು, ಎಲ್ಲರೂ ಕೂರಲೆಂದು ಪಾದ್ರಿಗಳು ಕೈ ಎತ್ತಿ ಇಳಿಸಿದರೆ, ಇವರು ಸರಸರನೆ ಮುಂದೆ ನಡೆದುಬಿಟ್ಟರು.

"ಕೂತ್ಕೊಳ್ರೀ, ಅವ್ರೇನು ರೈಲು ಬಿಡ್ತಿಲ್ಲ!" ಎಂದು ಹೆಂಡತಿ ವರ್ಡೆಲ್ ಕೋಟು ಹಿಡಿದೆಳೆದರು.

"ಸನ್ನೆ ಸರಿಯಾಗೇ ಇತ್ತಲ್ಲೇ."

ಬಿಳಿಯ ರೈಲು ಕೆಲಸಗಾರರ ಸಂಘಕ್ಕೆ ಅವರ ಕೆಲಸದ ಮೇಲೆ ಕಣ್ಣು ಬಿತ್ತು. ಬರಿಯ ಪೋರ್ಟರನನ್ನು ತೆಗೆಯುವುದೇನು ಕಷ್ಟ ಎಂದಿತು ಕಂಪನಿ. ಬ್ರೇಕ್‌ಮನ್ನನನ್ನಾದರೆ ಸುಮ್ಮನೆ ತೆಗೆಯುವಂತಿರಲಿಲ್ಲ; ತಾನು ಬ್ರೇಕ್‌ಮನ್ ಎಂದು ಟಾರ್ಪ್ಲಿ ಸರ್ಕಾರಕ್ಕೆ ದೂರಿತ್ತರು. ಅದು ಸಾಬೀತಾಗದಿದ್ದರೆ ಕೆಲಸ ಹೋದಂತೆಯೇ.

"ಮಾಮ, ಪೋರ್ಟರ್ ಅಂತಾನೇ ಒಪ್ಕೊಂಡ್ಬಿಡಿ, ಬೇರೆ ಗಾಡೀಲಿ ಗುಡಿಸೋ ಕೆಲ್ಸನಾದ್ರೂ ಸಿಗುತ್ತೆ" ಎಂದು ನಾನು ವಿವೇಕ ಹೇಳಿದೆ.

"ನಿನ್ ತಟ್ಟೆ ನೀನ್ ತೊಳ್ಕೋ ಹೋಗೋ. ನನ್ ಹೆಸ್ರು ನಾನ್ ನೋಡ್ಕೋತೀನಿ."

ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನಲ್ಲಿ, ಎಂದಿನಂತೆ, ಕೂತಿದ್ದೆ. ಕಂಪನಿಯ ಸಾಕ್ಷಿಯಾಗಿ ಬಂದಿದ್ದವನು ಅವರ ಗಾಡಿಯ ಬಿಳಿಯ ಡ್ರೈವರ್ ಹಾಬ್ಸ್. ವಿಚಾರಣೆ ನಡೆಸುತ್ತಿದ್ದ ಸರ್ಕಾರಿ ಅಧಿಕಾರಿ ಟಾರ್ಪ್ಲಿಯವರನ್ನು ಕೇಳಿದ: "ನೀನು ಬೋಗಿ ಗುಡಿಸ್ತೀಯೋ ಇಲ್ವೋ?"

"ಗುಡಿಸ್ತೀನಿ ಸಾಹೇಬ್ರೆ. ನೀವೂ ಬೆಳಿಗ್ಗೆ ಗಡ್ಡ ಕೆರ್ಕೋತೀರಿ. ಹಂಗಂತ ನಿಮ್ಮನ್ನ ಕ್ಷೌರದವ್ರು ಅಂತಾರಾ?"

ಅಧಿಕಾರಿಯ ಮುಖ ಕೆಂಪೇರಿತು. "ಸಾಕು, ಹೋಗಾಚೆ!" ಎಂದು ಕೈಯನ್ನು ಅಡ್ಡ ಬೀಸಿದ. ಟಾರ್ಪ್ಲಿ ನೆಟ್ಟ ಕಂಬವಾದರು. ಇನ್ನೂ ಜೋರಾಗಿ ಬೀಸಿದ. ಕಂಬ ಇನ್ನಷ್ಟು ಆಳಕ್ಕಿಳಿಯಿತು.

"ಕಿವುಡನೇನಯ್ಯಾ ಇವ್ನು?"

ಮೂಲೆಯಿಂದ ಹಾಬ್ಸ್ ಗೊಣಗಿದ: "ನೀವು ಕೊಡ್ತಿರೋದು ನಿಲ್ಲೋ ಸನ್ನೆ ಸ್ವಾಮೀ. ಹಂಗೆ ಬೀಸಿದ್ರೆ ನನ್ ಬ್ರೇಕ್‌ಮನ್ ಹೇಗೆ ಅಲ್ಲಾಡ್ತಾನೆ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಆ ಮಾತು ಆಗಲೇ ನಿಲ್ದಾಣ ದಾಟಿತ್ತು.

ತೀರ್ಪು ಇನ್ನೂ ಬಂದಿಲ್ಲ. ಬರುವತನಕ ಅವರನ್ನು ಗಾಡಿಯಿಂದ ಇಳಿಸುವ ಧೈರ್ಯ ಕಂಪನಿಗೂ ಬಂದಿಲ್ಲ. ಪೊರಕೆ ಕೈಯಲ್ಲಿದೆ, ಕಾಲು ಅಗಲಿಸಿದೆ. ಇಂಥವರಿಗೆ ನೆಮ್ಮದಿಯೇ ಇಲ್ಲವೆಂದು ಬೆಂಚಿನ ಮೇಲೆ ಕೂತು ನಾವು ಮರುಗುತ್ತೇವೆ. ಕಾಲ ಕೆಳಗಿನ ನೆಲ ಕುಲುಕುತ್ತಲೇ ಇರುವುದು ಅವರಿಗೆ ತಿಳಿದಿದೆ. ನಮಗದು ತಿಳಿಯದಿರುವುದು ನಾವು ಕೂತಿರುವುದರಿಂದ.