ಪುಸ್ತಕ ಕೇಳಲು ಬಂದ ಅಪ್ಪ

ಕಾಲೇಜಿನ ಬುಕ್ ಬ್ಯಾಂಕಿನ ಬಾಗಿಲ ಮುಂದೆ ಬಂದು ನಿಂತ ಅಪ್ಪನನ್ನು ಶರಣವ್ವ ಒಂದು ಕ್ಷಣ ಗುರುತಿಸಲೇ ಇಲ್ಲ. ಮೈಮೇಲೆ ಕಪ್ಪು ಕೋಟು, ಕೈಗೆ ಗಡಿಯಾರ, ತಲೆಗೆ ಎಣ್ಣೆ. ಕೆಲಸದ ಬಟ್ಟೆಯಲ್ಲೇ ಬಾ ಎಂದು ಬೆಳಿಗ್ಗೆ ಅಷ್ಟು ಸಲ ಹೇಳಿದ್ದಳು.

"ಯಾರ್ದಪ್ಪಾ ಇದು?"

"ಬಾಜೂ ಖೋಲಿ ಸದಾನಂದಂದು. ಮದವಿಗೆ ಹೊಲಿಸಿದ್ದ," ಎಂದ ಅಣವೀರಪ್ಪ, ಕಾಲರು ಸರಿಮಾಡಿಕೊಳ್ಳುತ್ತ. "ಕಾಲೇಜಿಗೆ ಮಣ್ಣ ಮೆತ್ತಿದ ಅರಬಿ ಹಾಕ್ಕೊಂಡ ಬರ್ಲೇನ? ನಿನ್ನ ಗೆಳತ್ಯಾರು ನೋಡಿದ್ರ?"

ರೈಲು ಮುಷ್ಕರ ಮುಗಿದ ಆ ವರ್ಷ ಎಲ್ಲದರ ಬೆಲೆಯೂ ಏರಿತ್ತು. ರಸಾಯನಶಾಸ್ತ್ರದ ಪುಸ್ತಕವೊಂದಕ್ಕೇ ಮನೆಯ ತಿಂಗಳ ರೇಶನ್ನಿನ ದುಡ್ಡು ಹೋಗುತ್ತಿತ್ತು. ಲೈಬ್ರರಿಯ ಒಂದೇ ಪ್ರತಿ ಅವಳ ಕೈಗೆ ಬರುವಷ್ಟರಲ್ಲಿ ಮುಚ್ಚುವ ಗಂಟೆ ಹೊಡೆಯುತ್ತಿತ್ತು. ಬಡ ವಿದ್ಯಾರ್ಥಿಗಳಿಗೆ ವರ್ಷದ ಮಟ್ಟಿಗೆ ಪುಕ್ಕಟೆಯಾಗಿ ಪುಸ್ತಕ ಕೊಡುವ ಈ ಬುಕ್ ಬ್ಯಾಂಕ್ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅದಕ್ಕೆ ತಂದೆಯೇ ಬಂದು ಮನೆಯ ಸ್ಥಿತಿ ಹೇಳಬೇಕು. ಹೊರಗೆ ಇನ್ನೂ ಎಷ್ಟೋ ಹುಡುಗರು ಕಾಯುತ್ತಿದ್ದರು; ಒಳಗಿನ ಕಪಾಟು ಆಗಲೇ ಅರ್ಧ ಖಾಲಿಯಾಗಿತ್ತು.

ಒಳಗೆ ಮೇಜಿನ ಹಿಂದೆ ಬಿಳಿ ಸೀರೆಯ ಗುಜರಾತಿ ಮಹಿಳೆ, ಪುಸ್ತಕಗಳಿಗೆ ದುಡ್ಡು ಕೊಡುವ ಟ್ರಸ್ಟಿನವರು. ಕನ್ನಡಕದ ಮೇಲಿಂದ ಕೋಟನ್ನು ನೋಡಿದರು, ಗಡಿಯಾರವನ್ನು ನೋಡಿದರು. ಆಮೇಲೆ ಶರಣವ್ವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದರು.

"ಏನಂತಾರ?" ಅಣವೀರಪ್ಪ ಪಿಸುಗುಟ್ಟಿದ.

"ನೀ ಏನ್ ಕೆಲಸ ಮಾಡ್ತಿ ಅಂತ ಕೇಳ್ತಾರ."

ಅವನು ಬೆನ್ನು ನೆಟ್ಟಗೆ ಮಾಡಿದ. "ಕಟ್ಟಡದ ಕಂತ್ರಾಟ ಹಿಡಿತಾನ ಅಂತ ಹೇಳವ್ವ."

ಆಕೆಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಶರಣವ್ವ ಕಲಿತ ಇಂಗ್ಲಿಷು ತಡವರಿಸುತ್ತ ಹೊರಬಿತ್ತು: "ಅಪ್ಪ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುತ್ತಾರೆ, ಮೇಡಂ. ಈ ಕೋಟು ನಮ್ಮದಲ್ಲ."

ಕೋಟು ಅಂದರೆ ಇಂಗ್ಲಿಷಿನಲ್ಲೂ ಕೋಟೇ. ಅಣವೀರಪ್ಪ ಮಗಳ ಮುಖ ನೋಡಿದ. ನಿಧಾನವಾಗಿ ಗುಂಡಿ ಬಿಚ್ಚಿ, ಕೋಟು ತೆಗೆದು, ಮಡಚಿ ತೋಳಿನ ಮೇಲೆ ಹಾಕಿಕೊಂಡ. ಒಳಗಿನ ಅಂಗಿ ಹೆಗಲ ಮೇಲೆ ಸವೆದು ಜಾಳಾಗಿತ್ತು.

ಆಕೆ ತಲೆ ತಗ್ಗಿಸಿ ಸಹಿ ಮಾಡಿದರು. ಪುಸ್ತಕಗಳನ್ನು ಮುಂದೆ ಸರಿಸಿ, ಪರೀಕ್ಷೆ ಮುಗಿದ ಮೇಲೆ ಹಿಂದಿರುಗಿಸಬೇಕೆಂದು ಹಿಂದಿಯಲ್ಲಿ ಅವನಿಗೇ ಹೇಳಿದರು.

"ದೇಗಾ ಬಾಯಿ. ಬರಾಬರ್ ವಾಪಸ್ ದೇಗಾ," ಎಂದ ಅಣವೀರಪ್ಪ.

ಪರೇಲ್ ಸ್ಟೇಷನ್ನಿಗೆ ಹೊರಟಾಗ ಅವನು ಕೋಟನ್ನು ಮತ್ತೆ ಹಾಕಿಕೊಳ್ಳಲಿಲ್ಲ. ಪುಸ್ತಕಗಳನ್ನೆಲ್ಲ ಹೆಗಲಿಗೇರಿಸಿ, ಒಂದು ಕೈ ಆನಿಸಿ, ಮುಂದೆ ಮುಂದೆ ನಡೆದ. ಸೇತುವೆಯ ಮೇಲೆ ಮಿಲ್ಲು ಬಿಟ್ಟ ಜನ ಎದುರಿನಿಂದ ನುಗ್ಗಿ ಬರುತ್ತಿದ್ದರು. ಅವನು ಗದ್ದಲದಲ್ಲಿ ಕಾಣೆಯಾದಾನೆಂದು ಶರಣವ್ವ ಓಡೋಡುತ್ತ ಹಿಂಬಾಲಿಸಿದಳು.

"ಅಪ್ಪಾ, ಸಿಟ್ಟ ಬಂದದೇನ?"

ಅವನ ಹೆಜ್ಜೆ ನಿಧಾನವಾಯಿತು.

"ನನ್ನ ಕೈಯಾಗ ಒಂದಿಷ್ಟ ಕೊಡಪ್ಪಾ."

ಅವನು ನಿಂತ. ತಿರುಗಲಿಲ್ಲ. ಕೈ ಮೇಲೆತ್ತಿ, ಒಂದೊಂದನ್ನೇ ತಡವಿ, ಎಲ್ಲಕ್ಕಿಂತ ತೆಳ್ಳಗಿನದನ್ನು ಎಳೆದು ಹಿಂದಕ್ಕೆ ಚಾಚಿದ.